ನಲವತ್ತು ಮಿಲಿಸೆಕೆಂಡಿಗೆ ಮೊದಲು

ಜಿಗಿದ ಆಟಗಾರ್ತಿಯ ಪಾದ ನೆಲ ಮುಟ್ಟಿದ ಮೇಲೆ ಅವಳ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ (ಎಲುಬುಗಳನ್ನು ಕಟ್ಟಿಡುವ ಪಟ್ಟಿ) ಹರಿಯಲು ಸುಮಾರು 40 ಮಿಲಿಸೆಕೆಂಡ್ ಸಾಕು. ಅಂದರೆ ಒಂದು ಸೆಕೆಂಡನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ರೆಪ್ಪೆ ಮಿಟುಕಿಸಲೂ ಇದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. 2010ರಲ್ಲಿ ಓಸ್ಲೋದ ಸಂಶೋಧಕರು ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಹತ್ತು ಗಾಯಗಳ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿ ಈ ಲೆಕ್ಕ ಹಿಡಿದರು. ಅಷ್ಟರೊಳಗೆ ಮಂಡಿ 12 ಡಿಗ್ರಿ ಒಳಕ್ಕೆ ವಾಲಿರುತ್ತದೆ. ನೆಲ ದೇಹದ ತೂಕದ 3.2 ಪಟ್ಟು ಬಲದಿಂದ ಕಾಲನ್ನು ಎದುರು ಒತ್ತಿರುತ್ತದೆ. 50 ಕಿಲೊ ತೂಕದ ಹುಡುಗಿಯಾದರೆ 160 ಕಿಲೊ, ಅದೂ ಒಂದೇ ಕಾಲಿನ ಮೇಲೆ. ಮಂಡಿ ಜಾರುತ್ತಿದೆ ಎಂದು ಮೆದುಳಿಗೆ ತಿಳಿದು, ತೊಡೆಯ ಸ್ನಾಯು ಬಿಗಿದು ಅದನ್ನು ಹಿಡಿದುಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹರಿಯುವ ವಸ್ತು ದುರ್ಬಲವಾದದ್ದೇನೂ ಅಲ್ಲ. ಎಸಿಎಲ್‌ನ ಉದ್ದ ಸರಾಸರಿ 3 ಸೆಂಟಿಮೀಟರ್, ದಪ್ಪ ನಮ್ಮ ಕಿರುಬೆರಳಿನಷ್ಟೂ ಇಲ್ಲ. ಆದರೂ ದಾನವಾಗಿ ಬಂದ ಯುವ ವಯಸ್ಸಿನವರ ದೇಹಗಳ ಮಂಡಿಗಳನ್ನು ಯಂತ್ರಕ್ಕೆ ಕಟ್ಟಿ ಎಳೆದಾಗ, ಅದು ಸರಾಸರಿ 2,160 ನ್ಯೂಟನ್, ಅಂದರೆ 220 ಕಿಲೊ ಭಾರದ ತನಕ ತಡೆದುಕೊಂಡಿತು. ಹೆಣ್ಣಿನ ಎಸಿಎಲ್ ಗಂಡಿನದಕ್ಕಿಂತ ಚಿಕ್ಕದು. ಮೈಗಾತ್ರದ ವ್ಯತ್ಯಾಸ ಕಳೆದ ಮೇಲೂ ಅದು ಸುಮಾರು 14 ಪ್ರತಿಶತ ಕಡಿಮೆ ಒತ್ತಡಕ್ಕೇ ಹರಿಯುತ್ತದೆ ಎಂದು 2006ರ ಒಂದು ಅಧ್ಯಯನ ತೋರಿಸಿತು. ಸೊಂಟ ಅಗಲವಾಗಿರುವುದರಿಂದ ತೊಡೆಯೆಲುಬು ಮಂಡಿಗೆ ಇಳಿಯುವ ಓರೆಯೂ ಹೆಚ್ಚು. ಪ್ರಾಯಕ್ಕೆ ಬರುವಾಗ ಹುಡುಗರ ಎತ್ತರ, ತೂಕದ ಜೊತೆಗೇ ಸ್ನಾಯುಬಲವೂ ಏರುತ್ತದೆ. ಹುಡುಗಿಯರಲ್ಲಿ ಎತ್ತರ ಮತ್ತು ತೂಕ ಮುಂದೆ ಓಡಿ, ಬಲ ಹಿಂದೆ ಉಳಿಯುತ್ತದೆ. ಎಲ್ಲ ಸೇರಿ ಫುಟ್‌ಬಾಲ್‌ನಲ್ಲಿ ಹೆಣ್ಣಿಗೆ ಈ ಗಾಯದ ಅಪಾಯ ಗಂಡಿಗಿಂತ ಎರಡು-ಮೂರು ಪಟ್ಟು. 2022ರ ನವೆಂಬರಿನಿಂದ 2023ರ ಮೇ ತನಕ, ಲಂಡನ್ನಿನ ಆರ್ಸೆನಲ್ ಮಹಿಳಾ ತಂಡವೊಂದರಲ್ಲೇ ಬೆತ್ ಮೀಡ್, ವಿವಿಯನ್ ಮೀಡೆಮಾ, ಲಿಯಾ ವಿಲಿಯಮ್ಸನ್, ಲಾರಾ ವೀನ್‌ರೋಯ್ಟರ್ ಹೀಗೆ ನಾಲ್ವರ ಎಸಿಎಲ್ ಹೋಯಿತು.

ಇದು ದೂರದ ಲಂಡನ್ನಿನ ಮಾತಷ್ಟೇ ಅಲ್ಲ, ಈಗ ದೆಹಲಿಗೆ ಬನ್ನಿ. ದಿಲ್ಲಿ ಗೇಟಿನ ಹತ್ತಿರದ ಅಂಬೇಡ್ಕರ್ ಸ್ಟೇಡಿಯಂ ಎಂದರೆ ಸುಬ್ರೊತೊ ಕಪ್ ನೆನಪಾಗುತ್ತದೆ. ದೇಶದ ಶಾಲಾ ತಂಡಗಳ ಈ ಟೂರ್ನಿ 1960ರಲ್ಲಿ ಶುರುವಾಯಿತು. 17 ವರ್ಷದೊಳಗಿನ ಹುಡುಗಿಯರಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2012ರಲ್ಲಿ, 52 ವರ್ಷ ಕಾದ ಮೇಲೆ. ಈಗ ದೆಹಲಿ ಹುಡುಗಿಯರು ಎಲ್ಲೆಲ್ಲೂ ಇದ್ದಾರೆ. ಇಲ್ಲಿ ಬೆಳೆದ ಗೋಲ್‌ಕೀಪರ್ ಅದಿತಿ ಚೌಹಾಣ್ 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ತಂಡ ಸೇರಿದರು. ದೆಹಲಿಯವರೇ ಆದ ತನ್ವಿ ಹನ್ಸ್ ನಮ್ಮ ಕರ್ನಾಟಕ ತಂಡದ ನಾಯಕಿಯಾದರು. ಆದರೆ ನನ್ನ ಚಿಂತೆ ಹೆಸರು ಮಾಡಿದವರದ್ದಲ್ಲ. ಸುಬ್ರೊತೊ ಕಪ್ ಆಡುವ ಹದಿನಾಲ್ಕು, ಹದಿನೈದು, ಹದಿನಾರರ ಹುಡುಗಿಯರ ವಯಸ್ಸೇ ಮಂಡಿಯ ಅಪಾಯ ಏರುವ ವಯಸ್ಸು.

ಗಾಯ ತಡೆಯಬಹುದೇ ಎಂದು ನೋಡಲು ಅದೇ ವಯಸ್ಸಿನವರ ಮೇಲೆಯೇ ಎರಡು ದೊಡ್ಡ ಪ್ರಯೋಗಗಳು ನಡೆದಿವೆ. ನಾರ್ವೆಯ 125 ಕ್ಲಬ್‌ಗಳ 1,892 ಹುಡುಗಿಯರಲ್ಲಿ, ‘11+’ ಎಂಬ 20 ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಸ್ವೀಡನ್ನಿನಲ್ಲಿ 4,564 ಹುಡುಗಿಯರನ್ನು ಒಂದು ಋತುವಿಡೀ ಗಮನಿಸಿದರು. ವಾರಕ್ಕೆರಡು ಸಲ 15 ನಿಮಿಷ ಮಂಡಿಯ ವ್ಯಾಯಾಮ ಹೇಳಿಕೊಟ್ಟ 2,479 ಮಂದಿಯಲ್ಲಿ 7 ಎಸಿಎಲ್ ಗಾಯ. ಎಂದಿನಂತೆ ಆಡಿದ 2,085 ಮಂದಿಯಲ್ಲಿ 14. ಆಡಿದ ಗಂಟೆಗಳ ಲೆಕ್ಕ ಹಾಕಿದರೆ ಇದು 64 ಪ್ರತಿಶತ ಇಳಿಕೆ. ವಾರಕ್ಕೆ ಒಮ್ಮೆಯಾದರೂ ತಪ್ಪದೆ ಮಾಡಿದವರಲ್ಲಿ 83 ಪ್ರತಿಶತ! ಎಲುಬು ಬದಲಾಗಲಿಲ್ಲ, ಲಿಗಮೆಂಟ್ ದಪ್ಪವಾಗಲಿಲ್ಲ. ನೆಲ ಮುಟ್ಟುವ ಮೊದಲೇ ಮಂಡಿ ಬಾಗಿಸಿ, ತೊಡೆಯ ಹಿಂಬದಿಯ ಸ್ನಾಯು ಬಿಗಿದಿಟ್ಟುಕೊಳ್ಳುವುದನ್ನು ಮೈ ಕಲಿತಿತು, ಅಷ್ಟೇ. ಆ 40 ಮಿಲಿಸೆಕೆಂಡಿನಲ್ಲಿ ಏನೂ ಮಾಡಲಾಗದು. ಮಾಡುವುದೆಲ್ಲ ಅದಕ್ಕೆ ಮೊದಲು.

ಹರಿದ ಮೇಲಿನ ಲೆಕ್ಕ ಬೇರೆ. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಕಟ್ಟಿದ ಸರ್ಕಾರಿ ಕ್ರೀಡಾ ಗಾಯ ಕೇಂದ್ರವಿದೆ, ಇದು ಈ ಊರಿನ ಭಾಗ್ಯ. ಆದರೆ ಶಸ್ತ್ರಚಿಕಿತ್ಸೆಯ ಬಳಿಕ ಕನಿಷ್ಠ 9 ತಿಂಗಳು ಕಾಯಬೇಕು. ಆ ಒಂಬತ್ತರೊಳಗೆ ಮೈದಾನಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಅಪಾಯ 51 ಪ್ರತಿಶತ ಇಳಿಯುತ್ತದೆ ಎನ್ನುತ್ತದೆ 2016ರ ಒಂದು ಅಧ್ಯಯನ. ಹದಿನೈದರ ಹುಡುಗಿಗೆ 9 ತಿಂಗಳೆಂದರೆ ಒಂದು ಪೂರ್ತಿ ಸುಬ್ರೊತೊ ಕಪ್, ಎಷ್ಟೋ ಸಲ ಮನೆಯವರು ಕೊಟ್ಟ ಅನುಮತಿಯೂ ಅಲ್ಲಿಗೆ ಮುಗಿಯುತ್ತದೆ.

ಹಾಗಾಗಿ ದೆಹಲಿ, ನೋಯ್ಡಾ, ಗುರುಗ್ರಾಮದ ಶಾಲೆಗಳಿಗೂ ಬೆಂಗಳೂರು, ಬೆಳಗಾವಿಯ ಶಾಲೆಗಳಿಗೂ ನನ್ನ ಬೇಡಿಕೆ ಇಷ್ಟೇ: ಹುಡುಗಿಯರ ತಂಡ ಕಟ್ಟುವ ದಿನವೇ ಮಂಡಿ ಕಾಯುವ ವ್ಯಾಯಾಮವನ್ನೂ ಶುರುಮಾಡಿ. ಜಿಮ್ ಬೇಡ, ಯಂತ್ರ ಬೇಡ. ಒಂಟಿಕಾಲಿನಲ್ಲಿ ನಿಂತು ಮಂಡಿ ಬಾಗಿಸುವುದು, ಪ್ಲ್ಯಾಂಕ್, ಜಿಗಿದು ಮೆತ್ತಗೆ ಇಳಿಯುವುದು. ಮಂಡಿ ಪಾದದ ನೇರಕ್ಕೇ ಇದೆಯೇ, ಒಳಕ್ಕೆ ವಾಲುತ್ತಿದೆಯೇ ಎಂದು ಎದುರು ನಿಂತ ಗೆಳತಿ ನೋಡಿ ಹೇಳಿದರಾಯಿತು.