ಇಪ್ಪತ್ನಾಲ್ಕರಲ್ಲೊಂದು ಮಾರುತಿ

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಮಾದರಿ ಕಾರು ಕಟ್ಟಲು ಕೂತವರನ್ನು ಮೊದಲು ಸತಾಯಿಸುವುದು ಇಲ್ಲಿಯ ಗಾಳಿ. ಜುಲೈ ತಿಂಗಳಲ್ಲಿ ಪುಟ್ಟ ಬಾನೆಟ್ಟಿಗೆ ಹೊಳಪಿನ ಕಪ್ಪು ಬಣ್ಣ ಹೊಡೆದು ಹತ್ತು ನಿಮಿಷ ಬಿಟ್ಟು ನೋಡಿ: ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಪೊರೆ. ಬಣ್ಣದಲ್ಲಿದ್ದ ತಿನ್ನರ್ ಆವಿಯಾಗುವಾಗ ಮೇಲ್ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಆ ಜಾಗ ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಗಾಳಿಯಲ್ಲಿದ್ದ ನೀರು ಹಸಿ ಬಣ್ಣದ ಮೇಲೇ ಇಬ್ಬನಿಯಾಗಿ ಕೂರುತ್ತದೆ. ಹೆದ್ದಾರಿ 66ರ ಪಕ್ಕದ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜುಗಳ ಮೇಸ್ತ್ರಿಗಳಿಗೆ ಇದು ಹೊಸ ಸಂಗತಿಯಲ್ಲ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು ಮಳೆಗಾಲದಲ್ಲಿ ಬಿಳಿಚಿಕೊಂಡರೆ ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರ್ ಬೆರೆಸುತ್ತಾರೆ. ಮಾದರಿ ಕಾರಿನ ಲ್ಯಾಕರ್ ಬಣ್ಣಕ್ಕೂ ಅದೇ ಉಪಾಯ: ರಿಟಾರ್ಡರ್ ಸೇರಿಸಿ, ತೆಳ್ಳಗೆ ಹೊಡೆಯಿರಿ, ಕಾಯಿರಿ.

ಈ ಕರಾವಳಿಯಲ್ಲಿ ಅಂಗೈಯಗಲದ ಕಾರಾಗಲಿ, ಅಂಗಳದ ಕಾರಾಗಲಿ, ಅದರ ಆಯುಷ್ಯ ನೀರು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ. ಚಿಕ್ಕದನ್ನು ಕಟ್ಟಿದವರಿಗೆ ದೊಡ್ಡದರ ಬಗ್ಗೆ ಒಂದು ಅಭಿಪ್ರಾಯ ತಾನಾಗಿ ಬರುವುದೂ ಇದೇ ಕಾರಣಕ್ಕೆ. ಮೊದಲು ಚಿಕ್ಕದನ್ನು ನೋಡೋಣ.

ಕಿಟ್ ಎಂದರೆ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು. ಬಾಡಿ, ಚಾಸಿ, ಸೀಟು, ಗಾಜು, ರಬ್ಬರ್ ಟಯರು, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಸ್ಟಿಕ್ಕರು. ಜಪಾನಿನ ತಾಮಿಯಾ, ಹಸೆಗಾವಾ ಕಂಪನಿಗಳ ಕಾರುಗಳು ಹೆಚ್ಚಾಗಿ 1:24 ಅಳತೆಯಲ್ಲಿರುತ್ತವೆ. ಅಮೆರಿಕದ ಹಳೆಯ ಕಿಟ್‌ಗಳಲ್ಲಿ 1:25 ಸಾಮಾನ್ಯ. ಅಂಗಡಿಯಲ್ಲಿ ನೇತುಹಾಕಿರುವ ಹಾಟ್ ವೀಲ್ಸ್ ಕಾರುಗಳನ್ನು 1:64 ಎನ್ನುತ್ತಾರಾದರೂ ಒಂದೇ ಗಾತ್ರದ ಪ್ಯಾಕಿಗೆ ಹೊಂದುವಂತೆ ಮಾಡುವುದರಿಂದ ಲಾರಿ ಕುಗ್ಗಿರುತ್ತದೆ, ಸಣ್ಣ ಕಾರು ಉಬ್ಬಿರುತ್ತದೆ. ಭಟ್ಕಳದಲ್ಲಿ ದುಬೈ ನಂಟಿಲ್ಲದ ಮನೆ ಹುಡುಕುವುದು ಕಷ್ಟ, ಹಾಗಾಗಿ ಕಿಟ್ ತರಿಸುವುದೇನೂ ದೊಡ್ಡ ವಿಷಯವಲ್ಲ. ಆದರೆ ಊರಿಗೆ ಬರುವವರಿಗೆ ಮೊದಲೇ ಹೇಳಿಡಿ: ಪ್ಲಾಸ್ಟಿಕ್ ಪೆಟ್ಟಿಗೆ ವಿಮಾನದಲ್ಲಿ ಬರುತ್ತದೆ, ಸ್ಪ್ರೇ ಪೇಂಟಿನ ಡಬ್ಬಿ, ತಿನ್ನರ್, ಕಿಟ್ ಅಂಟು ಬರುವುದಿಲ್ಲ. ಬೆಂಕಿ ಹತ್ತುವ ವಸ್ತುಗಳೆಂದು ಲಗೇಜಿನಿಂದ ತೆಗೆದುಬಿಡುತ್ತಾರೆ.

ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸುವಾಗ ಎರಡು ಸಲ ಕತ್ತರಿಸಬೇಕು. ಮೊದಲ ಸಲ ಭಾಗದಿಂದ ದೂರಕ್ಕೆ, ಆಮೇಲೆ ಉಳಿದ ಮೊಟಕನ್ನು ಹತ್ತಿರದಿಂದ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಹಿಂಡಿಕೊಂಡು ಬಿಳಿ ಕಲೆ ಬೀಳುತ್ತದೆ. ಸೋಪಿನ ನೀರಿನಲ್ಲಿ ಒಮ್ಮೆ ತೊಳೆಯಿರಿ, ಅಚ್ಚಿನ ಜಿಡ್ಡು ಹೋಗಬೇಕು.

ಇನ್ನು ಅಂಟು. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದರ ಅಂಟು ಎನ್ನುವುದು ವಾಸ್ತವದಲ್ಲಿ ಅಂಟೇ ಅಲ್ಲ, ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಎರಡು ಭಾಗಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ದ್ರವ ತಾನಾಗಿ ಒಳಗೆ ಓಡುತ್ತದೆ. ಎರಡೂ ಅಂಚು ಕರಗಿ ಒಂದಾಗಿ, ದ್ರವ ಆರಿದ ಮೇಲೆ ಬೆಸುಗೆಯಾಗುತ್ತದೆ. ಕೈಗೆ ಸಿಕ್ಕ ಯಾವುದೋ ದ್ರವ ಈ ಕೆಲಸಕ್ಕೆ ಆಗುತ್ತದೋ ಇಲ್ಲವೋ ಎಂದು ತಿಳಿಯಲು ನಮ್ಮ ಮೀನು ಪೇಟೆಯಲ್ಲೇ ದಾರಿಯಿದೆ. ಬಂಗಡೆ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆಯೂ ಪಾಲಿಸ್ಟೈರೀನೇ, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೆ. ಮುರಿದ ಚೂರೊಂದರ ಮೇಲೆ ಒಂದು ಹನಿ ಬಿಡಿ. ತೂತು ಬಿದ್ದು ಕುಸಿದರೆ ಆ ದ್ರವ ನಿಮ್ಮ ಕಿಟ್ಟನ್ನೂ ಕರಗಿಸುತ್ತದೆ. ಗ್ಯಾರೇಜಿನ ಎನ್‌ಸಿ ತಿನ್ನರ್ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ. ಅದಕ್ಕೇ ಗ್ಯಾರೇಜ್ ಪೇಂಟನ್ನು ಬರೀ ಪ್ಲಾಸ್ಟಿಕ್ ಮೇಲೆ ಧಾರಾಳವಾಗಿ ಹೊಡೆಯಬಾರದು. ಮೊದಲು ಪ್ರೈಮರ್, ಆಮೇಲೆ ಮಂಜಿನಷ್ಟು ತೆಳುವಾದ ಪದರಗಳು.

ಫೆವಿಕ್ವಿಕ್ ಥರದ ಅಂಟಿನ ಸ್ವಭಾವ ಬೇರೆ. ಅದು ಗಟ್ಟಿಯಾಗುವುದೇ ತೇವಾಂಶದಿಂದ, ಹಾಗಾಗಿ ನಮ್ಮಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹಿಡಿಯುತ್ತದೆ. ಹಿಡಿಯುವಾಗ ಏಳುವ ಆವಿ ಮಾತ್ರ ಪಕ್ಕದ ಗಾಜಿನ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಗಾಜುಗಳಿಗೆ ಮಕ್ಕಳ ಶಾಲೆ ಚೀಲದಲ್ಲಿರುವ ಫೆವಿಕಾಲೇ ಸಾಕು, ಆರಿದ ಮೇಲೆ ಕಾಣಿಸುವುದಿಲ್ಲ.

ಬಣ್ಣ ಹೊಡೆಯಲು ಒಳ್ಳೆಯ ಕಾಲ ಡಿಸೆಂಬರ್, ಜನವರಿ. ಅದರಲ್ಲೂ ಬೆಳಿಗ್ಗೆ ಇಬ್ಬನಿ ಆರಿದ ಮೇಲಿಂದ ಮಧ್ಯಾಹ್ನ ಕಡಲಗಾಳಿ ಏಳುವವರೆಗೆ, ಘಟ್ಟದ ಕಡೆಯ ಒಣಗಾಳಿ ಇನ್ನೂ ಇರುವಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಮಾಡಿಕೊಂಡಿರಿ. ಮಳೆಗಾಲದಲ್ಲೂ ಬಣ್ಣ ಮುಗಿಸಲೇಬೇಕು ಅನ್ನುವವರು ಒಣಪೆಟ್ಟಿಗೆ ಮಾಡಿಕೊಳ್ಳಬೇಕು: ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ, ಮೇಲೂ ಕೆಳಗೂ ತೂತು, ಒಂದು ಮೂಲೆಯಲ್ಲಿ 15 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು. ಇದರ ಲೆಕ್ಕ ಸರಳ. 27 ಡಿಗ್ರಿಯಲ್ಲಿ ಶೇ 90 ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಶೇ 57ರ ಆಸುಪಾಸಿಗೆ ಇಳಿಯುತ್ತದೆ. ಒಂದು ಹನಿ ನೀರನ್ನೂ ತೆಗೆಯದೆ ಗಾಳಿ ಒಣಗಿದಂತಾಯಿತು. 45 ಡಿಗ್ರಿ ದಾಟಿಸಬೇಡಿ, ತೆಳು ಭಾಗಗಳು ಸೊಟ್ಟಗಾದಾವು. ಬಣ್ಣ ಹೊಡೆದ ಕೂಡಲೇ ಒಳಗಿಡಲೂ ಬೇಡಿ. ತಿನ್ನರಿನ ಹಸಿ ಆವಿಗೂ ಬಿಸಿ ಬಲ್ಬಿಗೂ ಆಗಿಬರುವುದಿಲ್ಲ. ಅರ್ಧ ಗಂಟೆ ಹೊರಗೆ ಆರಲಿ. ಮೀನಿನ ಪೆಟ್ಟಿಗೆ ಈ ಕೆಲಸಕ್ಕೆ ಬೇಡವೇ ಬೇಡ, ಕಾರಣ ಆಗಲೇ ಹೇಳಿದ್ದೇನೆ.

ಬಣ್ಣ ತೆಳುವಾಗಿರಬೇಕು ಎನ್ನುವುದರ ಹಿಂದೆ ಅಳತೆಯ ಲೆಕ್ಕವೂ ಇದೆ. 1:24 ಕಾರಿನ ಮೇಲೆ 30 ಮೈಕ್ರಾನ್ ದಪ್ಪದ ಬಣ್ಣ ಎಂದರೆ ನಿಜವಾದ ಕಾರಿನ ಮೇಲೆ 0.7 ಮಿ.ಮೀ. ಮೆತ್ತಿದಂತೆ. ಬಾಗಿಲಿನ ಸಂದಿ ಮುಚ್ಚಿಹೋಗುವುದು ಇದಕ್ಕೇ. ನಿಜ ಕಾರಿನಲ್ಲಿ 4 ಮಿ.ಮೀ. ಇರುವ ಸಂದಿ ಇಲ್ಲಿ 0.17 ಮಿ.ಮೀ. ಮಾತ್ರ. ಪ್ರೈಮರಿಗೆ ಮೊದಲೇ ಬ್ಲೇಡಿನ ಹಿಂಬದಿಯಿಂದ ಸಂದಿಗಳನ್ನು ಒಮ್ಮೆ ಕೆರೆದು ಆಳ ಮಾಡಿಕೊಳ್ಳುವುದು ಒಳ್ಳೆಯದು. ಡಬ್ಬಿಯ ಅಚ್ಚ ಬಿಳಿ ಬಣ್ಣವೂ ಪುಟ್ಟ ಕಾರಿನ ಮೇಲೆ ಕಣ್ಣು ಕುಕ್ಕುತ್ತದೆ, ಒಂದೆರಡು ಹನಿ ಕ್ರೀಮ್ ಬೆರೆಸಿ.

ಪೆಟ್ಟಿಗೆಯ ಕಾರುಗಳು ಕೈಗೆ ಕೂತ ಮೇಲೆ ಆಸೆ ಬೆಳೆಯುತ್ತದೆ. ಪೋರ್ಶೆ, ಸ್ಕೈಲೈನ್ ಎಷ್ಟೆಂದು ಕಟ್ಟುವುದು? ನಮ್ಮ ರಸ್ತೆಯಲ್ಲಿ ಓಡಾಡಿದ ಕಾರು ಬೇಕು ಅನ್ನಿಸುತ್ತದೆ. ಪೇಟೆಯಲ್ಲಿ ಸಿಗುವ ಅಂಬಾಸಡರ್, ಮಾರುತಿಗಳು ಹಿಂದಕ್ಕೆಳೆದು ಬಿಡುವ ಆಟಿಕೆಗಳು. ಅಳತೆಗೆ ಸರಿಯಾದದ್ದು ಬೇಕಾದರೆ ನಾವೇ ಕಟ್ಟಬೇಕು, ಹಾಗೆ ಕಟ್ಟಲು ಮಾರುತಿ 800ರಷ್ಟು ಸಾಧು ಕಾರು ಇನ್ನೊಂದಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ರೂಪ ಬಿಡಿ. 1986ರಿಂದ ಬಂದ ಚೌಕಾಕಾರದ್ದನ್ನು ತೆಗೆದುಕೊಳ್ಳಿ. ಉದ್ದ 3335 ಮಿ.ಮೀ., ಅಗಲ 1440. ಇಪ್ಪತ್ನಾಲ್ಕರಿಂದ ಭಾಗಿಸಿದರೆ 139 ಮತ್ತು 60 ಮಿ.ಮೀ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2175, ಅಂದರೆ 90.6. ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಬಿದ್ದಿರುವ ಸನ್‌ಬೋರ್ಡ್ ಚೂರುಗಳಲ್ಲೇ ಬಾಡಿ ಆಗುತ್ತದೆ. ಅದು ಪಿವಿಸಿ, ಆದ್ದರಿಂದ ನಳ ಜೋಡಿಸುವ ಪಿವಿಸಿ ಸಾಲ್ವೆಂಟ್ ಅದಕ್ಕೆ ಸರಿಯಾದ ಅಂಟು.

ಗಾಲಿಯ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ಮಾರುತಿಯ ಟಯರು 145/70 ಆರ್ 12. ರಿಮ್ 12 ಇಂಚು, ಎಂದರೆ 305 ಮಿ.ಮೀ.; ಮೇಲೂ ಕೆಳಗೂ 145ರ ಶೇ 70ರಷ್ಟು ಟಯರಿನ ಎತ್ತರ ಸೇರಿದರೆ ಒಟ್ಟು 508. ಇಪ್ಪತ್ನಾಲ್ಕರಿಂದ ಭಾಗಿಸಿ: 21.2 ಮಿ.ಮೀ. ಮನೆಯ ವೈರಿಂಗಿಗೆ ಹಾಕುವ ಪಿವಿಸಿ ಪೈಪಿನ ಹೊರ ವ್ಯಾಸ 20 ಮಿ.ಮೀ. ಆರಾರು ಮಿ.ಮೀ. ಅಗಲಕ್ಕೆ ಅದನ್ನು ಬಳೆಯಂತೆ ಕತ್ತರಿಸಿ, ಹಳೆಯ ಸೈಕಲ್ ಟ್ಯೂಬಿನ ತೆಳು ಪಟ್ಟಿ ಎಳೆದು ಅಂಟಿಸಿದರೆ ಕೂದಲೆಳೆಯ ವ್ಯತ್ಯಾಸದಲ್ಲಿ ಟಯರು ಸಿದ್ಧ. ನಂಬರ್ ಪ್ಲೇಟ್ 500 × 120 ಮಿ.ಮೀ. ಇರುವುದರಿಂದ ಇಲ್ಲಿ 21 × 5. ಕೆಎ 47 ಎಂದು ಪ್ರಿಂಟ್ ತೆಗೆಸಿ ಅಂಟಿಸಿದರೆ ಹೊನ್ನಾವರದ ರಿಜಿಸ್ಟ್ರೇಷನ್ನೂ ಆಯಿತು.

ಅಂಬಾಸಡರ್ ಈ ದಾರಿಗೆ ಬರುವುದಿಲ್ಲ. ಅದರಲ್ಲಿ ಒಂದು ನೇರ ಗೆರೆಯೂ ಇಲ್ಲ. ಹಲಗೆ ಕತ್ತರಿಸಿ ಕಟ್ಟಲು ಹೋದರೆ ಮೂತಿ ಕೆಡುತ್ತದೆ. ಅದನ್ನು ಮರದಲ್ಲಿ ಕೆತ್ತಬೇಕು. ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ, ಸಾಗರದ ಗುಡಿಗಾರರು ಶ್ರೀಗಂಧದ ಜೊತೆಗೆ ಶಿವನೆ ಮರವನ್ನೂ ಕೆತ್ತನೆಗೆ ಆರಿಸಿಕೊಂಡಿರುವುದು ಸುಮ್ಮನೆ ಅಲ್ಲ: ಹಗುರ, ಉಳಿಗೆ ಮೆತ್ತಗೆ, ಮಳೆಗಾಲ ಬೇಸಿಗೆಗಳ ನಡುವೆ ಉಬ್ಬಿ ಕುಗ್ಗುವುದು ಕಡಿಮೆ. 4325 ಮಿ.ಮೀ. ಉದ್ದದ ಅಂಬಾಸಡರ್‌ಗೆ 180 ಮಿ.ಮೀ. ಉದ್ದದ ಶಿವನೆ ತುಂಡು ಸಾಕು. ಒಳಗೆ ಟೊಳ್ಳು ಮಾಡುವ ಗೊಡವೆ ಬೇಡ, ಗಾಜಿನ ಜಾಗಕ್ಕೆ ಹೊಳಪಿನ ಕಪ್ಪು ಬಳಿದರೆ ಕಣ್ಣು ಒಪ್ಪಿಕೊಳ್ಳುತ್ತದೆ.

ಕೊನೆಯ ಅಲಂಕಾರ ಧೂಳು. ಚೀರೆಕಲ್ಲಿನ ಕೆಂಪು ಪುಡಿಯನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ, ಹೊಳಪಿಲ್ಲದ ವಾರ್ನಿಶ್ಶಿನಲ್ಲಿ ಕಲಸಿ, ಗಾಲಿಯ ಹಿಂದೆ ಬಾಗಿಲಿನ ಕೆಳಗಂಚಿಗೆ ತಟ್ಟಿ. ಎಲ್ಲಿ ತಟ್ಟಬೇಕೆಂದು ತಿಳಿಯಲು ರಸ್ತೆಗೆ ಹೋಗಿ ನಿಂತಿರುವ ಕಾರುಗಳನ್ನು ನೋಡಬೇಕು. ಹಾಗೆ ನೋಡತೊಡಗಿದಾಗ ಗೊತ್ತಾಗುತ್ತದೆ, ಕೆಸರು ಕೂರುವ ಜಾಗ ಮತ್ತು ತುಕ್ಕು ಹಿಡಿಯುವ ಜಾಗ ಒಂದೇ.

ಕಡಲತೀರದ ತುಕ್ಕಿಗೆ ಮಳೆಯನ್ನು ದೂರುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಮಳೆ ಅರ್ಧ ಉಪಕಾರಿ. ಸಮುದ್ರದಿಂದ ಹಾರಿಬರುವ ಉಪ್ಪು ತಗಡಿನ ಮೇಲೆ ಕೂತಿರುತ್ತದೆ. ಅಡುಗೆ ಉಪ್ಪು ಶೇ 75ಕ್ಕಿಂತ ಹೆಚ್ಚು ತೇವಾಂಶವಿದ್ದರೆ ಗಾಳಿಯ ನೀರನ್ನೇ ಹೀರಿ ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಬೇಗ. ಹಾಗಾಗಿ ಹನಿ ಮಳೆಯಿಲ್ಲದ ರಾತ್ರಿಯಲ್ಲೂ ತಗಡು ಉಪ್ಪುನೀರಿನಲ್ಲಿ ಒದ್ದೆ. ಮಳೆ ಬಂದಾಗ ಟಾಪು, ಬಾನೆಟ್ ತೊಳೆದುಹೋಗುತ್ತವೆ. ಮಳೆ ಮುಟ್ಟದ ಮಡ್‌ಗಾರ್ಡಿನ ಒಳಮಗ್ಗುಲು, ಬಾಗಿಲಿನ ಕೆಳಗಿನ ಪಟ್ಟಿ, ಬ್ಯಾಟರಿಯ ತಟ್ಟೆ ಇವುಗಳ ಉಪ್ಪು ಹಾಗೇ ಉಳಿಯುತ್ತದೆ. ಆದ್ದರಿಂದ ಶೆಡ್ಡಿನಲ್ಲಿ ಜೋಪಾನವಾಗಿಟ್ಟು ತೊಳೆಯದ ಕಾರಿಗಿಂತ ಅಂಗಳದಲ್ಲಿ ನೆನೆದ ಕಾರಿನ ಮೈ ಕೆಲವೊಮ್ಮೆ ಗಟ್ಟಿ. ಅಕ್ಟೋಬರಿನಿಂದ ಮೇವರೆಗೆ ವಾರಕ್ಕೊಮ್ಮೆ ಅಡಿಭಾಗಕ್ಕೆ ಪೈಪ್ ಹಿಡಿಯಿರಿ, ಸಿಹಿನೀರಿನದು. ಶರಾವತಿ, ಅಘನಾಶಿನಿ ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ, ಆ ನೀರಿನಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ಮೇಲು. ಫೋಟೊಕ್ಕೆಂದು ಕಾಸರಕೋಡಿನ ಮರಳಿಗೆ, ಅಲೆಯ ಅಂಚಿಗೆ ಕಾರು ಇಳಿಸುವವರಿಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತುಗಳಿಲ್ಲ.

ಅಂಬಾಸಡರ್ ದಪ್ಪ ತಗಡಿನ ಕಾರು, ಅದಕ್ಕೆ ಏನೂ ಆಗದು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಆ ಕಾರಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲುಬು. ಬಾಗಿಲ ಕೆಳಗಿನ ಪೆಟ್ಟಿಗೆಪಟ್ಟಿ ಒಳಗಿಂದ ತುಕ್ಕು ತಿಂದರೆ ಕಾರೇ ಬಾಗುತ್ತದೆ. ಜೀಪಿನ ಬಾಡಿ ತೂತಾದರೂ ಚಾಸಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಗೇರುಸೊಪ್ಪೆ ಘಾಟಿಯ ವಿಷಯದಲ್ಲಿ ಮಾತ್ರ ನಾನು ಅಂಬಾಸಡರ್ ಪಕ್ಷ. ಖಾಲಿ ಇದ್ದಾಗ ಸುಮಾರು 650 ಕಿಲೋ ತೂಗುವ, 796 ಸಿಸಿಯ ಮಾರುತಿ ಚುರುಕಾಗಿ ಏರುತ್ತದೆ, ಒಪ್ಪಿದೆ. ಹಿಂದೆ ಮೂವರು, ಡಿಕ್ಕಿಯಲ್ಲಿ ಹಲಸಿನ ಹಣ್ಣು ಸೇರಿದ ಮೇಲೆ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದು, ಎಳೆಯಬೇಕಾದ ಮುಂದಿನ ಗಾಲಿಗಳು ಹಗುರಾಗಿ ಒದ್ದೆ ಕೆಂಪು ಮಣ್ಣಿನಲ್ಲಿ ಗಿರಗಿರ ತಿರುಗುತ್ತವೆ. ಹಿಂದಿನ ಗಾಲಿಯಿಂದ ದೂಡುವ ಅಂಬಾಸಡರ್‌ಗೆ ಅದೇ ಭಾರ ಹಿಡಿತ ಕೊಡುತ್ತದೆ. ಎರಡೂ ಕಾರುಗಳ ತಯಾರಿಕೆ ನಿಂತದ್ದು 2014ರಲ್ಲೇ. ಈಗ ಈ ವಾದಕ್ಕೆ ಉಳಿದಿರುವುದು ಸೆಕೆಂಡ್ ಹ್ಯಾಂಡ್ ಕಾರುಗಳೇ.

ಅಂಥದ್ದನ್ನು ನೋಡಲು ಹೋಗುವಾಗ ಮಾದರಿ ಕಟ್ಟುವವರ ಮೇಜಿನ ಮೇಲಿರುವ ಗುಂಡಿಯಷ್ಟಗಲದ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳಿ. ಬಾಗಿಲಿನ ಕೆಳಗಂಚು, ಮಡ್‌ಗಾರ್ಡಿನ ತುದಿ, ಡಿಕ್ಕಿಯ ಮೂಲೆಗಳ ಮೇಲೆ ಆಡಿಸಿ. ತಗಡಿಗೆ ಕಚ್ಚುತ್ತದೆ, ತುಕ್ಕಿನ ತೂತು ಮುಚ್ಚಿ ಮೆತ್ತಿದ ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಬಾಗಿಲು ತೆಗೆದು ಅಡಿಯ ಅಂಚಿನಲ್ಲಿ ನೀರು ಹೋಗುವ ತೂತುಗಳಿಗೆ ಕಡ್ಡಿ ಆಡಿಸಿ. ಕೆಂಪು ಧೂಳು ಗಟ್ಟಿಯಾಗಿ ಮುಚ್ಚಿದ್ದರೆ ಒಳಗೆ ಎಷ್ಟೋ ಮಳೆಗಾಲದ ನೀರು ನಿಂತಿದೆ ಎಂದು ಅರ್ಥ. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ, ಚಾಲಕನ ಕಾಲಡಿಯ ಮ್ಯಾಟ್ ಮಗುಚಿ ಹೆಬ್ಬೆರಳಿನಿಂದ ಒತ್ತಿ. ರೇಟಿನ ಮಾತು ಅದಾದ ಮೇಲೆ.