ಗೋಡೆಗೆ ಬರಲಿ ಉಣುಗು

ರಾಜ್ಯದ ಉಳಿದೆಡೆಯಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲೂ ಅಂಗನವಾಡಿ, ಶಾಲೆಯ ಗೋಡೆಗಳೆಂದರೆ ಛೋಟಾ ಭೀಮ್, ಮಿಕ್ಕಿ ಮೌಸ್‌ಗಳದ್ದೇ ರಾಜ್ಯಭಾರ. ಮಕ್ಕಳಿಗೆ ಅವು ಇಷ್ಟ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಭೀಮನನ್ನು ಕೋಲಾರದ ಗೋಡೆಯ ಮೇಲೆ ನಿಲ್ಲಿಸಿದರೂ ಅವನು ಹೇಳುವುದು ಅಷ್ಟೇ. ಬೀದಿಯ ಕಾರ್ಟೂನ್ ಪಾತ್ರಕ್ಕೆ ಕಸುವು ಬರುವುದು ಚೆಂದದಿಂದಲ್ಲ, ಅದು ನಿಂತ ಜಾಗದಿಂದ. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್‌ನ ಹುಡುಗರು ಸುರಂಗ ರೈಲುಗಳ ಮೇಲೆ ತಮ್ಮ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆಯತೊಡಗಿದಾಗ, ಪಕ್ಕದಲ್ಲೇ ಕಲಾವಿದ ವಾನ್ ಬೋಡೆಯ ಕಾಮಿಕ್ಸ್‌ನಿಂದ ಎತ್ತಿಕೊಂಡ ಪಾತ್ರಗಳನ್ನೂ ಬಿಡಿಸಿದರು. ಓಡುವ ಬೋಗಿಯ ಮೇಲಿನ ಸೊಟ್ಟ ಅಕ್ಷರ ಹೊರಗಿನವರಿಗೆ ಅರ್ಥವಾಗದಿದ್ದರೂ ಪಾತ್ರ ಒಂದೇ ನೋಟಕ್ಕೆ ದಕ್ಕುತ್ತಿತ್ತು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳವಾಗಿಸಿ, ಅದರಲ್ಲೊಂದು ಮೊಸಳೆಯನ್ನು ಬಿಟ್ಟರು. ಅದು ಶಿಲ್ಪವೇ ಆದರೂ ಹಿಂದಿದ್ದ ಯೋಚನೆ ಅಪ್ಪಟ ವ್ಯಂಗ್ಯಚಿತ್ರಕಾರನದು. ಗುಂಡಿಯಿಂದಾಚೆ ಒಯ್ದಿಟ್ಟಿದ್ದರೆ ಆ ಮೊಸಳೆ ಬರೀ ಆಟಿಕೆ.

ಹಾಗಾದರೆ ಮಲೆನಾಡಿನ ಗೋಡೆಗೆ ತಕ್ಕ ಪಾತ್ರ ಯಾವುದು? ನನ್ನ ಉತ್ತರ: ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗ ಈ ಮೂರು ತಾಲ್ಲೂಕುಗಳಿಗೂ ಹೊಸದಲ್ಲ. ಅದನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಮರಿ ಉಣುಗು. ಸೊಪ್ಪಿಗೆ, ದರಗಿಗೆ, ಸೌದೆಗೆ ಕಾಡಿಗೆ ಹೋದವರ ಕಾಲಿಗೆ ಅದು ಹತ್ತಿಕೊಂಡರೂ ಕಣ್ಣಿಗೆ ಬೀಳುವುದು ಕಷ್ಟ. ಕಾಣದ ಶತ್ರುವಿನ ಬಗ್ಗೆ ಕರಪತ್ರ ಎಷ್ಟು ಹಂಚಿದರೂ ಮನಸ್ಸಿನಲ್ಲಿ ರೂಪ ಮೂಡದು. ಇದ್ದದ್ದನ್ನು ಹಿಗ್ಗಿಸಿ, ಒಂದೆರಡು ಗುಣಗಳನ್ನೇ ಎತ್ತಿ ತೋರಿಸುವುದು ಕಾರ್ಟೂನಿನ ಕಸುಬು. ಫೋಟೋಗೆ ಆಗದ್ದು ಇಲ್ಲಿ ಅದಕ್ಕೆ ಆಗುತ್ತದೆ. ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಯಕ್ಷಗಾನದ ಬಣ್ಣದ ವೇಷವೇ ಇದೆ. ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟು ಮುಖವನ್ನೇ ದೊಡ್ಡದು ಮಾಡಿ, ಕಣ್ಣಿನ ಸುತ್ತ ಕೆಂಪು ಕಪ್ಪು ತೀಡಿದ ರಕ್ಕಸ ಅರ್ಧ ಬಯಲಾಚೆಯಿಂದಲೂ ಗುರುತು ಸಿಗುತ್ತಾನೆ. ಎಂಟು ಕಾಲಿನ ಉಣುಗಿಗೆ ಆ ಮುಖವರ್ಣಿಕೆ ಕೊಟ್ಟು ಕಾಡಂಚಿನ ಬಸ್ ತಂಗುದಾಣದಲ್ಲಿ ನಿಲ್ಲಿಸಿದರೆ, ಅಕ್ಷರ ಬಾರದ ಅಜ್ಜಿಗೂ ಶಾಲೆಯ ಮಗುವಿಗೂ ಒಟ್ಟಿಗೇ ತಲುಪೀತು.

ಜೀವ ತೆಗೆಯುವ ಕಾಯಿಲೆಯನ್ನು ತಮಾಷೆ ಮಾಡುವುದೇ ಎಂದು ಕೇಳಬಹುದು. ಬಣ್ಣದ ವೇಷ ನಗಿಸುತ್ತಲೇ ಹೆದರಿಸುತ್ತದೆ; ನಗು ಬಂತೆಂದು ಭಯ ಹೋಗುವುದಿಲ್ಲ. ಅಂಗೈಯಗಲದ ಉಣುಗನ್ನು ಕಂಡವರು ನಿಜವಾದದ್ದೂ ಹಾಗೇ ಇರುತ್ತದೆಂದು ತಪ್ಪು ತಿಳಿದಾರು ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದಕ್ಕೆ ಚಿತ್ರದ ಪಕ್ಕದಲ್ಲೇ ಅಸಲು ಗಾತ್ರದ ಒಂದು ಚುಕ್ಕೆ ಇಡಬೇಕು. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸುವುದು: ಈ ಮೂರೂ ಚಿತ್ರದಲ್ಲೇ ಬರಲಿ. ಗೋಡೆ ಹಾಳಾಗುತ್ತದೆ ಎನ್ನುವವರ ಮಾತಿಗೂ ಆಧಾರವಿದೆ. ಸಾರ್ವಜನಿಕ ಜಾಗಗಳ ಅಂದಗೆಡಿಸುವುದರ ವಿರುದ್ಧ 1981ರ ರಾಜ್ಯ ಕಾಯ್ದೆ ಇದೆ. ನಕ್ಸಲ್ ಭಿತ್ತಿಪತ್ರಗಳನ್ನು ಕಂಡ ಈ ಸೀಮೆಯಲ್ಲಿ ಯಾರು ಬರೆದರೆಂದು ತಿಳಿಯದ ಗೋಡೆಬರಹ ಅನುಮಾನ ಹುಟ್ಟಿಸುವುದೂ ಸಹಜ. ಆದ್ದರಿಂದ ಇದು ಕದ್ದು ಬರೆಯುವ ಗ್ರಾಫಿಟಿ ಆಗಬೇಕಿಲ್ಲ, ಪಂಚಾಯಿತಿಯೇ ತನ್ನ ಗೋಡೆ ಕೊಡಲಿ. ಸರ್ಕಾರಿ ಗೋಡೆಯಲ್ಲಿ ಕಾರ್ಟೂನ್ ನಡೆಯದೆಂಬುದು ಸುಳ್ಳು: ಕುಟುಂಬ ಯೋಜನೆಯ ಕೆಂಪು ತ್ರಿಕೋನ ಮತ್ತು ನಾಲ್ಕು ನಗುಮುಖಗಳು ದೇಶದ ಹಳ್ಳಿಹಳ್ಳಿಯ ಗೋಡೆಗೂ ತಲುಪಿದ್ದವು.

ಉಳಿದದ್ದು ಮಳೆಯ ಪ್ರಶ್ನೆ. ಶೃಂಗೇರಿಯಂಥ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟಿ ಸುರಿಯುವಾಗ ಯಾವ ಬಣ್ಣ ನಿಂತೀತು? ನಿಲ್ಲಬೇಕಾದ ಅಗತ್ಯವೇ ಇಲ್ಲ. ಮರಿ ಉಣುಗಿನ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಗೋಡೆ ಒಣಗಿರುವ ತಿಂಗಳುಗಳಲ್ಲೇ. ಮಳೆಗಾಲದಲ್ಲಿ ಪಾಚಿ ಹಿಡಿದ ಚಿತ್ರವನ್ನು ನವೆಂಬರಿನಲ್ಲಿ ಹೊಸದಾಗಿ ಬರೆದರೆ, ಹಸಿ ಬಣ್ಣವೇ ಕಾಯಿಲೆಯ ಕಾಲ ಬಂತೆಂಬ ಡಂಗುರವಾಗುತ್ತದೆ. ವರ್ಷವಿಡೀ ಒಂದೇ ಗೋಡೆಯಲ್ಲಿರುವ ಫಲಕ ಕಣ್ಣಿಗೆ ಒಗ್ಗಿಹೋಗುತ್ತದೆ. ಮತ್ತೆ ಮತ್ತೆ ಬರೆದದ್ದನ್ನು ಜನ ನಿಂತು ನೋಡುತ್ತಾರೆ. ಖರ್ಚು ಕೆಲವು ಡಬ್ಬಿ ಬಣ್ಣ, ಊರಿನ ಬೋರ್ಡ್ ಬರೆಯುವವರ ಕೂಲಿ. ಗ್ರಾಮ ಪಂಚಾಯಿತಿಗಳು ದೀಪಾವಳಿ ಮುಗಿದೊಡನೆ ಇಷ್ಟನ್ನು ತೆಗೆದಿರಿಸಿದರೆ ಸಾಕು.