ವ್ಯಾಪಾರಕ್ಕೆ ಬೇಕಾದ ಮೂಲಧನ

ಮೂಲಧನವೆಂದರೆ ಹಣವೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗುಣವೂ ಮೂಲಧನವೇ ಎಂಬದಕ್ಕೆ ಮುಂಬಯಿಯ ಲಿಜ್ಜತ್ ಹಪ್ಪಳದ ಚರಿತ್ರೆಯನ್ನು ನೋಡಬಹುದು.

1959ನೆಯ ಇಸವಿ ಮಾರ್ಚಿ 15ರಂದು ಗಿರ್ಗಾಂವಿನಲ್ಲಿ ಜಸ್ವಂತಿಬೆನ್ ಪೋಪಟ್ ಮೊದಲಾದ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತೆಗೆದು ಹಪ್ಪಳ ಲಟ್ಟಿಸತೊಡಗಿದರು. ಮೊದಲು ಸಿದ್ಧವಾದದ್ದು ನಾಲ್ಕೇ ಕಟ್ಟುಗಳು. ಲಟ್ಟಿಸುವ ವಿದ್ಯೆ ಅವರಿಗೆ ತಿಳಿದೇ ಇತ್ತು. ವ್ಯಾಪಾರದ ಗುಣಗಳನ್ನಾದರೋ ಕಲಿಯಬೇಕಾಯಿತು. ಅಗ್ಗದ್ದೊಂದು, ಉತ್ತಮವಾದದ್ದೊಂದು ಎಂದು ಎರಡು ಬಗೆಯ ಹಪ್ಪಳಗಳನ್ನು ಅವರು ಮಾಡುತ್ತಿದ್ದಾಗ, ಹಿತೈಷಿಗಳಾದ ಛಗನ್‌ಲಾಲ್ ಪಾರೇಖರು ಒಂದೇ ಬಗೆಯನ್ನು ಉತ್ತಮವಾಗಿ ಮಾಡಬೇಕೆಂದೂ ಲೆಕ್ಕವನ್ನು ಸರಿಯಾಗಿ ಇಡಬೇಕೆಂದೂ ಬುದ್ಧಿಹೇಳಿದರು. ಇವು ಕೇಳುವುದಕ್ಕೆ ಸಣ್ಣ ಮಾತುಗಳೇ. ಆದರೆ ಅಗ್ಗದ ಸರಕಿನ ಆಶೆಯನ್ನು ಬಿಡುವುದಕ್ಕೆ ಮನೋನಿಗ್ರಹ ಬೇಕು. ದಿನದಿನದ ಲೆಕ್ಕಕ್ಕೆ ಸತ್ಯನಿಷ್ಠೆ ಬೇಕು. ಹೆಣ್ಣುಮಗಳಿಗೆ ಲೆಕ್ಕದ ಪುಸ್ತಕವೇಕೆ ಎನ್ನುವ ತಂದೆತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರಷ್ಟೆ. ಅವರು ಇದನ್ನು ಗಮನಿಸಬೇಕೆಂದು ನಮ್ಮ ಬಿನ್ನಹ.

ಮೊದಲನೆಯ ವರುಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರುಷ ಅವರು ಮಂಚವೊಂದನ್ನೂ ಒಲೆಯೊಂದನ್ನೂ ಕೊಂಡು, ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆಯನ್ನಿಟ್ಟು ಒಣಗಿಸಿದರು. ಅಡಿಗೆಮನೆಯಲ್ಲಿ ಪಳಗಿದ ಬುದ್ಧಿಯಲ್ಲವೇ ಇದು! ನಷ್ಟವಾದರೂ ಯಾರಲ್ಲಿಯೂ ದಾನ ಬೇಡುವುದಿಲ್ಲವೆಂಬದು ಅವರ ಮೊದಲಿನ ನಿಶ್ಚಯವಾಗಿತ್ತು.

ಇಂದು ಆ ಸಂಸ್ಥೆಯಲ್ಲಿ ನಾಲ್ವತ್ತು ಸಾವಿರಕ್ಕೆ ಮೇಲ್ಪಟ್ಟ ಸ್ತ್ರೀಯರಿದ್ದಾರೆ. ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿದ ಹಪ್ಪಳವನ್ನು ಮರುದಿನ ತಂದು ಪರೀಕ್ಷೆಗೆ ಒಪ್ಪಿಸುತ್ತಾರೆ. ಅವರಲ್ಲಿ ಒಬ್ಬಳೂ ಕೂಲಿಯಾಳಲ್ಲ, ಎಲ್ಲರೂ ಪಾಲುಗಾರರು.